ಅಕ್ಟೋಬರ್ 14, ಮಂಗಳವಾರ: ಮಾಡರೇಟ್ಲಿ ಅಂದ್ರೆ ಎಂತದೇ?

ಕೊಪ್ಪದಿಂದ ಈಗ ವಾಪಸ್ ಬಂದೆ. ಬಾಳೆಹೊನ್ನೂರು ಮೇಲಿನ ಬಸ್ಸು, ಸೀಟಿಲ್ಲ, ಚಿಕ್ಕಮಗಳೂರು ಬರೋವರೆಗೂ ನಿಂತೇ. ಮಲಗಿದ್ರೆ ನಿದ್ದೆ ಬರ್ತಿಲ್ಲ, ಅದಕ್ಕೆ ಬರೀತಿದೀನಿ.

ದೊಡ್ಡಪ್ಪನ ಬಾಯಿ ಹುಣ್ಣಿಂದ ಚೂರು ತೆಗೆದು ಟೆಸ್ಟ್ ಮಾಡಿದ್ರಲ್ಲ, ಆ ಬಯಾಪ್ಸಿ ರಿಪೋರ್ಟ್ ಬಂದು ಎರಡು ದಿನ ಆಗಿತ್ತಂತೆ, ಕವರ್ ಒಡೆದು ನೋಡಿ ಮತ್ತೆ ಪಂಚಾಂಗದ ಕೆಳಗೆ ಇಟ್ಟಿದ್ದಾರೆ, ಯಾರಿಗೂ ಹೇಳಿಲ್ಲ. ನಾನು ಹೋಗಿ ಕಾಫಿ ಕುಡಿದು ಲೋಟ ಕೆಳಗಿಡೋಕಿಲ್ಲ, "ಬಾರೇ ಪುಟ್ಟಿ, ತೋಟ ನೋಡ್ಕೊಂಡು ಬರಾಣ" ಅಂದ್ರು. ನನಗೆ ಯಾವತ್ತು ತೋಟ ತೋರಿಸಿದ್ರು ಇವ್ರು? ಕೆರೆ ಏರಿ ಹತ್ರ ಜೇಬಿಂದ ತೆಗೆದು ಕೊಟ್ರು. ಬೆವರಿಗೋ ಮಳೆಗೋ ಒದ್ದೆಯಾಗಿತ್ತು.

"ಎಂತ ಬರ್ದಿದಾರೆ ಓದೇ."

ಮಾಡರೇಟ್ಲಿ ಡಿಫರೆನ್ಷಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಓದಿದೆ. ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳೋ ಅವಶ್ಯಕತೆ ಬೀಳಲಿಲ್ಲ, ಅವ್ರಿಗೆ ಗೊತ್ತಿತ್ತು. ಅವ್ರ ತಲೆ ಸಿಕ್ಕಿಹಾಕಿಕೊಂಡಿದ್ದು ಮೊದಲನೇ ಪದದಲ್ಲಿ. "ಮಾಡರೇಟ್ಲಿ ಅಂದ್ರೆ ಮೀಡಿಯಂ ಅಲ್ವೇನೇ? ಹಾಗಾದ್ರೆ ಎರಡನೇ ಸ್ಟೇಜು. ಎರಡನೇದಾದ್ರೆ ಪರವಾಗಿಲ್ಲ ಅಂತಾರೆ."

ಹೌದು ಅಂದುಬಿಡಬಹುದಿತ್ತು. ಆದ್ರೆ ಇದು ಗ್ರೇಡು, ಸ್ಟೇಜ್ ಅಲ್ಲ. ಮೈಕ್ರೋಸ್ಕೋಪಲ್ಲಿ ಆ ಜೀವಕೋಶಗಳು ಮಾಮೂಲಿ ಕೋಶಗಳಿಗಿಂತ ಎಷ್ಟು ಕೆಟ್ಟು ಕಾಣ್ತಿವೆ ಅನ್ನೋದಷ್ಟೇ ಇದು. ಸ್ಟೇಜ್ ಗೊತ್ತಾಗ್ಬೇಕಂದ್ರೆ ಹುಣ್ಣು ಎಷ್ಟು ದೊಡ್ಡದು, ಎಷ್ಟು ಆಳ ಇಳಿದಿದೆ, ದವಡೆ ಮೂಳೆ ಮುಟ್ಟಿದೆಯಾ, ಕುತ್ತಿಗೆ ಗಂಟಿಗೆ, ಅಂದ್ರೆ ಅಲ್ಲಿನ ದುಗ್ಧಗ್ರಂಥಿಗೆ, ಹೋಗಿದೆಯಾ, ಬೇರೆ ಎಲ್ಲಾದ್ರೂ ಹೋಗಿದೆಯಾ ಎಲ್ಲ ನೋಡ್ಬೇಕು, ಅದಕ್ಕೆ ಸಿಟಿ ಸ್ಕ್ಯಾನೋ ಎಂಆರ್‌ಐನೋ ಆಗ್ಬೇಕು, ಇನ್ನೂ ಆಗೇ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಅಂದ್ರೆ ಅಡಿಕೆ ಕೊಳೆರೋಗ ಎಷ್ಟು ಜೋರಿಂದು ಅಂತ ಬರ್ದಿದಾರೆ, ಎಷ್ಟು ಮರಕ್ಕೆ ಹತ್ತಿದೆ ಅಂತ ಬರ್ದಿಲ್ಲ."

ಕರೆಕ್ಟು ದೊಡ್ಡಪ್ಪ. ನಾನು ಎರಡು ರಾತ್ರಿ ಮೊಬೈಲ್ ಉಜ್ಜಿ ತಿಳ್ಕೊಂಡಿದ್ದನ್ನ ಒಂದೇ ಮಾತಲ್ಲಿ ಹೇಳಿಬಿಟ್ರು.

ಕೆನ್ನೆ ಒಳಗಿನ ಹುಣ್ಣು, ಆಷಾಢದಿಂದ ಇದೆ. ಮೆಡಿಕಲ್ಲಿಂದ ಜೆಲ್ ತಂದು ಹಚ್ಚಿದ್ದೇ ಹಚ್ಚಿದ್ದು. ಮೂರು ವಾರಕ್ಕೆ ಮಾಯದ ಬಾಯಿ ಹುಣ್ಣನ್ನ ಡಾಕ್ಟರಿಗೆ ತೋರಿಸ್ಲೇಬೇಕು, ನೋವಿಲ್ಲದಿದ್ರೂ ತೋರಿಸ್ಬೇಕು, ಅದು ನಮ್ಮ ಮನೇಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ ಇನ್ನೊಂದು ಸೂಚನೆ ಇತ್ತು, ಅದು ನನ್ನನ್ನ ಕೊರೀತಿದೆ: ಎರಡು ವರ್ಷದಿಂದ ದೊಡ್ಡಪ್ಪ ಕಡುಬನ್ನ ಚೂರು ಚೂರು ಮಾಡ್ಕೊಂಡೇ ತಿಂತಿದ್ರು. ಬಾಯಿ ಪೂರ್ತಿ ತೆರೆದ್ರೆ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ನಿಲ್ಲಿಸೋಕೆ ಆಗ್ಬೇಕು, ಅವ್ರಿಗೆ ಒಂದೂವರೆ ಬೆರಳು. ನಾವು ಹಲ್ಲಿನ ಸಮಸ್ಯೆ ಅಂದ್ಕೊಂಡ್ವಿ. ಅಡಿಕೆ ಹಾಕಿ ಹಾಕಿ ಕೆನ್ನೆ ಒಳಗೆಲ್ಲ ನಾರಿನಂತೆ ಬಿಗಿದಿತ್ತು.

ಹೊಗೆಸೊಪ್ಪು ಬಿಟ್ಟು ಹತ್ತು ವರ್ಷ ಆಯ್ತಲ್ಲ, ಮತ್ತೆ ಯಾಕೆ ಬಂತು ಅಂತ ಕೇಳಿದ್ರು. ನಾನು ಉತ್ತರ ಕೊಡಲಿಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೆದಿಟ್ಟಿದೆ, ಹೊಗೆಸೊಪ್ಪೇ ಬೇಕಂತಿಲ್ಲ. ಸುತ್ತ ಅಡಿಕೆ ಮರ, ಕೊನೆ ತುಂಬಿ ನಿಂತಿವೆ, ಮುಂದಿನ ವಾರ ಕೊಯ್ಯೋಕೆ ಕೊನೆಗಾರ ಬರ್ತಾನೆ, ನನ್ನ ಕಾಲೇಜ್ ಫೀಸು ಕಟ್ಟಿದ್ದೂ ಇದೇ ಮರಗಳು. ಅಲ್ಲಿ ನಿಂತು ಹೇಗೆ ಹೇಳೋದು ಮಾರಾಯ್ರೆ.

ಪಕ್ಕದ ಮನೆಯವ್ರು ಬೇರೆ, "ಕತ್ತರಿ ಹಾಕಿಸಿದ್ರಾ? ಚೂರು ತೆಗೆದ್ರೆ ಮೈಗೆಲ್ಲ ಹರಡುತ್ತೆ" ಅಂತ ದೊಡ್ಡಮ್ಮನ ಮುಂದೆ ಹೇಳಿ ಹೋಗಿದಾರೆ. ಬಯಾಪ್ಸಿಯಿಂದ ಹರಡಲ್ಲ. ಬಯಾಪ್ಸಿ ಇಲ್ಲದೆ ಯಾವ ಡಾಕ್ಟ್ರೂ ಟ್ರೀಟ್ಮೆಂಟ್ ಶುರು ಮಾಡಲ್ಲ. ಇಂಥವರ ಮಾತು ಕೇಳಿ ಕಷಾಯ ಕುಡಿದು ಆರು ತಿಂಗಳು ಕಳೆದವರನ್ನ ನೋಡಿದೀನಿ, ಸಿಟ್ಟು ಬರುತ್ತೆ.

ರಾತ್ರಿ ಊಟ ಆದ್ಮೇಲೆ ಡೈರಿ ಲೆಕ್ಕದ ಪುಸ್ತಕದ ಹಿಂದೆ ಕೇಳ್ಬೇಕಾದ್ದೆಲ್ಲ ಬರೆದ್ವಿ. ಸ್ಟೇಜ್ ಎಷ್ಟು. ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಆಪರೇಷನ್, ಹಾಗಾದ್ರೆ ದವಡೆ ಎಷ್ಟು ತೆಗೀತಾರೆ, ಕುತ್ತಿಗೆ ಗಂಟೂ ತೆಗೀತಾರಾ, ಆಮೇಲೆ ರೇಡಿಯೇಷನ್ ಬೇಕಾ, ಜೊತೆಗೆ ಕೀಮೋನಾ. ರೇಡಿಯೇಷನ್ನಿಗೆ ಮುಂಚೆ ಕೆಟ್ಟ ಹಲ್ಲು ಕೀಳಿಸ್ಬೇಕಂತೆ, ಆಮೇಲೆ ಕಿತ್ರೆ ದವಡೆ ಗಾಯ ಮಾಯೋದು ಕಷ್ಟ. ದೊಡ್ಡಪ್ಪನ ಪ್ರಶ್ನೆ ಒಂದೇ: "ಮಾತು ಬರುತ್ತಾ ಅಂತ ಬರ್ಕೋ." ಬರ್ಕೊಂಡೆ. ಒಳಗಿಂದ ದೊಡ್ಡಮ್ಮ, "ಬಂದ್ರೂ ಎಂತ ಆಡ್ತೀರಿ, ನಲವತ್ತು ವರ್ಷದಿಂದ ಆಡಿದ್ದು ಗೊತ್ತುಂಟು" ಅಂದ್ರು. ನಕ್ವಿ, ಮೂರೂ ಜನ. ದೊಡ್ಡಮ್ಮಂಗೆ ಗೊತ್ತಿಲ್ಲ ಅಂದ್ಕೊಂಡಿದ್ವಿ ನಾವು!

ಮಣಿಪಾಲಾನಾ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆನಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಮಣಿಪಾಲ ಹತ್ರ, ಘಾಟಿ ಇಳಿದ್ರೆ ಆಯ್ತು. ಬೆಂಗಳೂರಲ್ಲಿ ಅಣ್ಣನ ಮನೆ ಇದೆ, ರೇಡಿಯೇಷನ್ ಅಂದ್ರೆ ವಾರಕ್ಕೆ ಐದು ದಿನದ ಹಾಗೆ ಸುಮಾರು ಆರು ವಾರ, ದಿನಾ ಊರಿಂದ ಓಡಾಡೋಕಾಗಲ್ಲ. ಆಯುಷ್ಮಾನ್ ಕಾರ್ಡಲ್ಲಿ ಬಿಪಿಎಲ್‌ನವ್ರಿಗೆ ವರ್ಷಕ್ಕೆ 5 ಲಕ್ಷದವರೆಗೆ ಅಂತಿದೆ, ನಮ್ಮದು ಎಪಿಎಲ್, ಪ್ಯಾಕೇಜ್ ದರದಲ್ಲಿ 30 ಪರ್ಸೆಂಟ್ ಮಾತ್ರ. ಉಳಿದಿದ್ದಕ್ಕೆ ಅಡಿಕೆ.

ಎಲ್ಲಿಗೆ ಹೋದ್ರೂ ಬರೀ ರಿಪೋರ್ಟ್ ಸಾಲಲ್ಲ, ಬಯಾಪ್ಸಿಯ ಸ್ಲೈಡು, ತೆಗೆದ ಚೂರನ್ನ ಇಟ್ಟಿರೋ ಮೇಣದ ಬ್ಲಾಕು ಎರಡೂ ಕೇಳ್ತಾರೆ, ಅಲ್ಲಿ ಇನ್ನೊಂದ್ಸಲ ನೋಡೋಕೆ. ಅವು ಶಿವಮೊಗ್ಗದ ಲ್ಯಾಬಲ್ಲೇ ಇವೆ. ಲ್ಯಾಬ್ ತೆಗೆಯೋದು ಒಂಬತ್ತಕ್ಕೆ, ಗುರುವಾರ ರಜೆ ಸಿಕ್ರೆ ನಾನೇ ಹೋಗ್ತೀನಿ, ಇಲ್ಲಾಂದ್ರೆ ದೊಡ್ಡಪ್ಪನೇ ಒಬ್ರೇ ಹೊರಟುಬಿಡ್ತಾರೆ, ಅದೂ ಬಾಯಲ್ಲಿ ಎಲೆ ಅಡಿಕೆ ಹಾಕ್ಕೊಂಡು.