ಕೂದಲು ಉದುರೋದಕ್ಕೆ ಮಾತ್ರೆ, ಮಿನಾಕ್ಸಿಡಿಲ್, ಗರಗದ ಎಣ್ಣೆ: ಈವರೆಗೆ ಆಗಿದ್ದು

ಹೋದ ಸಲ ಬರೆದಾಗ ತಲೆ ಮುಟ್ಟಿದರೆ ಸಾಕು, ಕೂದಲು ಕೈಗೆ ಬರುತ್ತಿತ್ತು. ಈಗ ಅದು ನಿಂತಿದೆ. ಪೂರ್ತಿ ಅಲ್ಲ, ಆದರೆ ಬಚ್ಚಲ ಜಾಲರಿ ಕಟ್ಟಿಕೊಳ್ಳುವಷ್ಟು ಉದುರುತ್ತಿಲ್ಲ. ಹಣೆಯ ಎರಡು ಮೂಲೆ ಹಾಗೇ ಖಾಲಿ ಇವೆ. ನೆತ್ತಿಯಲ್ಲಿ ಮಾತ್ರ ಸಣ್ಣ ಕೂದಲು ಬರುತ್ತಿದೆ. ಪ್ರತಿ ಸಲ ಅದೇ ಟ್ಯೂಬ್‌ಲೈಟ್ ಕೆಳಗೆ, ತಲೆ ಒದ್ದೆ ಮಾಡಿ ಫೋಟೋ ತೆಗೆಯುತ್ತೇನೆ, ಇಲ್ಲಾಂದ್ರೆ ಬೆಳಕು ನಮಗೆ ಏನು ಬೇಕೋ ಅದನ್ನೇ ತೋರಿಸಿಬಿಡುತ್ತದೆ.

ಹೊಸಬರಿಗೆ ಹೇಳಬೇಕೆಂದರೆ, ನನಗೆ 24. ಊರು ಬಳ್ಳಾರಿ, ಕೆಲಸ ತೋರಣಗಲ್ಲು ಕಡೆ, ಶಿಫ್ಟ್ ಪೂರ್ತಿ ಹೆಲ್ಮೆಟ್. ಬೋರ್ ನೀರು, ನಮ್ಮೂರ ಬಿಸಿಲು, ಹೆಲ್ಮೆಟ್ ಬೆವರು, ಎಲ್ಲದರ ಮೇಲೂ ಜನ ತಪ್ಪು ಹಾಕಿದರು. ಚರ್ಮದ ಡಾಕ್ಟರ್ ಲೆನ್ಸ್ ಇಟ್ಟು ನೋಡಿ, ನೆತ್ತಿಯಲ್ಲಿ ದಪ್ಪ ಕೂದಲ ಪಕ್ಕದಲ್ಲೇ ನೂಲಿನಂಥ ಕೂದಲು ಇರುವುದನ್ನು ತೋರಿಸಿದರು. ಗಂಡಸರ ಬೋಳುತನದ ಗುರುತು ಅದೇ. ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಹಣೆ ಮತ್ತು ನೆತ್ತಿಯ ಬೇರುಗಳು ಸೊರಗುತ್ತವೆ, ಹಿಂದಲೆಯ ಬೇರುಗಳಿಗೆ ಅಷ್ಟು ತಟ್ಟುವುದಿಲ್ಲ. ಹೆಲ್ಮೆಟ್ಟೇ ಕಾರಣವಾಗಿದ್ದರೆ ಹಿಂದಲೆಯದೂ ಹೋಗಬೇಕಿತ್ತಲ್ವಾ? ಇದು ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು.

ಮಾತ್ರೆ ಫಿನಾಸ್ಟರೈಡ್, ದಿನಕ್ಕೆ 1 ಮಿಲಿಗ್ರಾಂ. ಇದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಶೇ. 70ರಷ್ಟು ಇಳಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ನಿಮಿರುವಿಕೆಗೆ ತೊಂದರೆ ಆಗಬಹುದು, ಮನಸ್ಸು ಕುಗ್ಗಬಹುದು. ಡಾಕ್ಟರ್ ಇದನ್ನು ಮೊದಲೇ ಬಿಡಿಸಿ ಹೇಳಿದರು. ನನಗೆ ಹಾಗೇನೂ ಆಗಿಲ್ಲ, ಆದರೆ ಇದನ್ನು ಕೇಳಿಕೊಳ್ಳದೆ ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ. ಇದನ್ನು ತೆಗೆದುಕೊಳ್ಳುವವರು ರಕ್ತದಾನವನ್ನೂ ಮಾಡುವಂತಿಲ್ಲ. ಇನ್ನೊಂದು, ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟಬಾರದು, ಹೊಟ್ಟೆಯಲ್ಲಿರೋದು ಗಂಡು ಮಗುವಾದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆ. ಅದಕ್ಕೇ ಮಾತ್ರೆ ಡಬ್ಬಿಯನ್ನು ನನ್ನ ಬೀರುವಿಗೆ ಹಾಕಿ ಬೀಗ ಹಾಕಿದ್ದೇನೆ.

ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ತೆಗೆದುಕೊಂಡವರ ಮೈಯಲ್ಲೆಲ್ಲ ಕೂದಲು ಬೆಳೆಯಿತು, ಆಮೇಲೆ 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚುವ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ನಾನು ಹಚ್ಚುವುದು 5 ಪರ್ಸೆಂಟಿನದು, ಬೆಳಿಗ್ಗೆ 1 ಎಂಎಲ್, ರಾತ್ರಿ 1 ಎಂಎಲ್. ಬೈತಲೆ ತೆಗೆದು ಡ್ರಾಪರನ್ನು ಚರ್ಮಕ್ಕೇ ತಾಗಿಸಿ ಬಿಡಬೇಕು, ಕೂದಲ ಮೇಲೆ ಸುರಿದರೆ ದಂಡ. ಒಣಗಿದ ಮೇಲೆ ಬಿಳಿ ಪುಡಿ ನಿಲ್ಲುತ್ತದೆ, ಅದು ಹೊಟ್ಟಲ್ಲ. ಶುರುವಿನ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರುತ್ತದೆ. ಹಳೆಯದು ಬಿದ್ದು ಹೊಸದಕ್ಕೆ ಜಾಗ ಮಾಡುವುದು ಅದು, ಆದರೆ ನನ್ನ ಗೆಳೆಯರಲ್ಲಿ ಬಹಳಷ್ಟು ಜನ ಅಲ್ಲೇ ಹೆದರಿ ಬಿಟ್ಟರು. ದಯವಿಟ್ಟು ಆಗ ಬಿಡಬೇಡಿ. ನಾಲ್ಕರಿಂದ ಆರು ತಿಂಗಳು ಕಾಯದೆ ಏನೂ ಹೇಳಲಾಗದು.

ಇನ್ನು ಅವ್ವನ ಎಣ್ಣೆ. ಸಿರುಗುಪ್ಪ ಕಡೆ ನೆಲ್ಲು ಗದ್ದೆಯ ಬದುವಿನಲ್ಲಿ ಗರಗದ ಸೊಪ್ಪು (ಭೃಂಗರಾಜ) ಬೇಕಾದಷ್ಟು ಸಿಗುತ್ತದೆ, ಸಣ್ಣ ಬಿಳಿ ಹೂವು, ದಂಟು ಜಜ್ಜಿದರೆ ರಸ ಕಪ್ಪಾಗುತ್ತದೆ. ಅದನ್ನು ಕರಿಬೇವಿನ ಜೊತೆ ಅರೆದು, ಕೊಬ್ಬರಿ ಎಣ್ಣೆಗೆ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಇಡುತ್ತಾಳೆ. ಚಟಪಟ ಸದ್ದು ನಿಂತಿತೆಂದರೆ ನೀರಿನಂಶ ಹೋಯಿತು ಅಂತ ಅರ್ಥ, ಇಲ್ಲದಿದ್ದರೆ ಎಣ್ಣೆ ಬೇಗ ಕೆಡುತ್ತದೆ. ಬಟ್ಟೆಯಲ್ಲಿ ಸೋಸಿದಾಗ ಕಡು ಹಸಿರು. ಇದು ಡಿಎಚ್‌ಟಿಯನ್ನು ತಡೆಯುತ್ತದೆಂದು ನಾನು ನಂಬುವುದಿಲ್ಲ. ಇರುವ ಕೂದಲು ತುಂಡಾಗುವುದು ಕಡಿಮೆಯಾಗಿದೆ, ಮಿನಾಕ್ಸಿಡಿಲ್‌ನಿಂದ ಬಿರುಕು ಬಿಡುತ್ತಿದ್ದ ಚರ್ಮ ಮೆತ್ತಗಾಗಿದೆ. ನನಗೆ ಅಷ್ಟು ಸಾಕು. ಭಾನುವಾರ ಮಾತ್ರ, ತಲೆ ತೊಳೆಯುವ ಮುಂಚೆ ಹಚ್ಚುತ್ತೇನೆ, ಏಕೆಂದರೆ ಎಣ್ಣೆ ತಲೆಯ ಮೇಲೆ ಮಿನಾಕ್ಸಿಡಿಲ್ ಸರಿಯಾಗಿ ಇಳಿಯುವುದಿಲ್ಲ. ಈರುಳ್ಳಿ ರಸ ಬಿಟ್ಟೆ. ಅದರ ಮೇಲೆ ನಡೆದ ಅಧ್ಯಯನ ಕೂದಲು ತೇಪೆತೇಪೆಯಾಗಿ ಹೋಗುವ ಬೇರೆಯದೇ ಕಾಯಿಲೆಯದ್ದು.

ತಮ್ಮಂದಿರೇ, ಹಣೆ ಹಿಂದೆ ಸರಿಯುತ್ತಿದೆ ಅನಿಸಿದ ಕೂಡಲೇ ಡಾಕ್ಟರಿಗೆ ತೋರಿಸಿ. ಬೇರು ಪೂರ್ತಿ ಹೋಗಿ ನುಣ್ಣಗಾದ ಜಾಗಕ್ಕೆ ಈ ಔಷಧಿಗಳು ಕೂದಲು ತರುವುದಿಲ್ಲ, ಇರುವುದನ್ನು ಉಳಿಸುವುದೇ ಇವುಗಳ ದೊಡ್ಡ ಕೆಲಸ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹೋಗುತ್ತದೆ.

ಮುಂದಿನ ಭೇಟಿಯಲ್ಲಿ ಹೆಲ್ಮೆಟ್ ಬೆವರಿಗೆ ಆಗುವ ಹೊಟ್ಟಿಗೆ ಕೀಟೋಕೊನಜೋಲ್ (ಶಿಲೀಂಧ್ರ ತಡೆಯುವ ಔಷಧಿ) ಇರುವ ಶಾಂಪೂ ಬೇಕಾ ಅಂತ ಕೇಳುವುದಿದೆ. ವರ್ಷ ತುಂಬಿದಾಗ ಮೊದಲ ಫೋಟೋ ಮತ್ತು ಆಗಿನ ಫೋಟೋ ಅಕ್ಕಪಕ್ಕ ಹಾಕುತ್ತೇನೆ.