ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬ್ಯಾಟರಿ ಹೋಗಿದ್ಯಾ?

ನಾನು ಗಾಡಿ ರಿಪೇರಿ ಮಾಡುವವನು. ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಹೌದು ಅಂದರೆ ಸಂಜೆಯೊಳಗೆ ಹೊಸ ಬ್ಯಾಟರಿ ತರುತ್ತೀರಿ. ಇರಲಿಕ್ಕಿಲ್ಲ ಅಂದರೆ "ಹಾಗಾದ್ರೆ ಸ್ಟಾರ್ಟರ್ ಮೋಟಾರಾ?" ಅನ್ನುತ್ತೀರಿ, ಅಂದರೆ ಇಂಜಿನ್ನನ್ನು ಮೊದಲು ತಿರುಗಿಸಿಕೊಡುವ ಮೋಟಾರ್. ಕೀ ತಿರುಗಿಸಿದಾಗ ಏನು ಸದ್ದು ಬಂತು ಅಂತ ನಾನು ಕೇಳಿದರೆ, "ಅದೇ, ಸ್ಟಾರ್ಟ್ ಆಗದ ಸದ್ದು" ಅಂತ ಉತ್ತರ!

ಸದ್ದಿನಲ್ಲೇ ಅರ್ಧ ವಿಷಯ ಇದೆ. ಟಕಟಕಟಕ ಅಂತ ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಸೊಲೆನಾಯ್ಡ್, ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಅದು ಕೈಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಸಲ 'ಟಕ್' ಅಂದು ಸುಮ್ಮನಾದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್, ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಅಥವಾ ದಪ್ಪ ಕೇಬಲ್ ಮೇಲೆ ನನ್ನ ಅನುಮಾನ. ಸದ್ದೇ ಇಲ್ಲವಾ? ಫ್ಯೂಸ್, ರಿಲೇ, ಕೀ ಸ್ವಿಚ್, ಕ್ಲಚ್ ಸ್ವಿಚ್ ನೋಡಬೇಕು. ಮೋಟಾರ್ ಮಾತ್ರ ಸುಯ್ಯೆಂದು ತಿರುಗಿ ಇಂಜಿನ್ ಅಲುಗದಿದ್ದರೆ, ಮೋಟಾರಿನ ಸಣ್ಣ ಹಲ್ಲುಗಾಲಿ (ಪಿನಿಯನ್) ಹೋಗಿ ಇಂಜಿನ್ನಿನ ದೊಡ್ಡ ಚಕ್ರದ (ಫ್ಲೈವೀಲ್) ಹಲ್ಲಿಗೆ ಕಚ್ಚುತ್ತಿಲ್ಲ.

ಒಬ್ಬರು ಕಾರನ್ನು ಕಟ್ಟಿ ಎಳೆಸಿಕೊಂಡು ಬಂದಿದ್ದರು. ಬ್ಯಾಟರಿ ಹೊಸದು, ಸ್ಟಾರ್ಟರ್ ಮೋಟಾರೂ ಹೊಸದು. ಎರಡೂ ಯಾರೋ ಊಹೆಯ ಮೇಲೆ ಹಾಕಿಸಿದ್ದು. ಆದರೂ ಒಂದೇ ಟಕ್. "ಹಾರ್ನ್ ಇಷ್ಟು ಜೋರಾಗಿ ಹೊಡೀತಿದೆ, ಕರೆಂಟ್ ಇದೆ ಅಲ್ವಾ?" ಅಂತ ಅವರ ವಾದ. ಹಾರ್ನ್‌ಗೆ ಬೇಕಾದ್ದು ಕೆಲವೇ ಆಂಪಿಯರ್ ಸ್ವಾಮಿ. ಸ್ಟಾರ್ಟರ್‌ಗೆ ನೂರಕ್ಕೂ ಜಾಸ್ತಿ ಬೇಕು. ದಾರಿಯಲ್ಲಿ 0.01 ಓಮ್ ಅಡ್ಡಿ ಇದ್ದರೆ ಹಾರ್ನ್‌ಗೆ ಅದು ಗೊತ್ತೂ ಆಗುವುದಿಲ್ಲ. 150 ಆಂಪಿಯರ್ ಹರಿಯುವಾಗ ಅದೇ ಅಡ್ಡಿ 1.5 ವೋಲ್ಟ್ ನುಂಗಿಬಿಡುತ್ತದೆ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ ಇಟ್ಟೆ, ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದೆ. ಕೀ ತಿರುಗಿಸಿ ಅಂದೆ. ಅಲ್ಲಿ ಸುಮಾರು 0.2 ವೋಲ್ಟ್ ಮೀರಬಾರದು. 2 ದಾಟಿತು. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿಗೆ ಬರುವ ಅರ್ತ್ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ ವಾಷರಿನ ಕೆಳಗೆ ಪೂರ್ತಿ ತುಕ್ಕು. ಎಮೆರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಕೀ ತಿರುಗಿಸಿದ ತಕ್ಷಣ ಇಂಜಿನ್ ಎದ್ದಿತು. ಆಮೇಲೆ ಅವರು ಕೇಳಿದ್ದು, "ಒಂದು ಬೋಲ್ಟ್ ಉಜ್ಜೋಕೆ ಇಷ್ಟು ದುಡ್ಡಾ?" ಹೌದು, ಇಷ್ಟೇ. ಯಾವ ಬೋಲ್ಟ್ ಅಂತ ಹುಡುಕಿದ್ದಕ್ಕೆ ತಗೊಂಡೆ. ಬೇಡದ ಬ್ಯಾಟರಿ ಕೊಟ್ಟವರಿಗೆ ಅವರು ಚೌಕಾಸಿ ಮಾಡದೆ ಕೊಟ್ಟಿದ್ದರು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: "ಏನನ್ನೂ ಬದಲಾಯಿಸುವ ಮೊದಲು ಏನು ಅಳೆಯಬೇಕು?" ಇದನ್ನು ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ನೆ ಕೂತಿದ್ದಾಗ 12.6 ತೋರಿಸಬೇಕು. ಅಷ್ಟಿದ್ದರೂ ನಂಬಬೇಡಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿರಬಹುದು, ಇಲ್ಲವೇ ಮೋಟಾರ್ ಜಾಸ್ತಿ ಎಳೆಯುತ್ತಿರಬಹುದು. ಗಾಡಿ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಅದಿಲ್ಲದಿದ್ದರೆ ಇಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬಿಸುತ್ತಿಲ್ಲ, ಹೊಸ ಬ್ಯಾಟರಿಯೂ ಇಳಿದುಹೋಗುತ್ತದೆ. ಮೀಟರ್ ಇಲ್ಲವಾ? ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಮಂಕಾಯಿತಾ, ಹಾಗೇ ಉಳಿಯಿತಾ ನೋಡಿ. ಹಾಗೇ ಉಳಿದು ಇಂಜಿನ್ ಅಲುಗದಿದ್ದರೆ, ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ.

ಫೋನ್ ಮಾಡಿದಾಗ ಇದನ್ನೇ ಹೇಳಿ: ಯಾವ ಸದ್ದು, ಲೈಟ್ ಏನಾಯಿತು. ಇಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಅಂತಾದರೆ ಅದನ್ನೂ ಮೊದಲೇ ಹೇಳಿಬಿಡಿ. ಆಗ ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಬಿಟ್ಟು ನಾನು ಇಂಧನ ಮತ್ತು ಸ್ಪಾರ್ಕ್ ಕಡೆ ನೋಡುತ್ತೇನೆ.