ಮೆಟ್ಟಿಲ ತಿರುವಿನ ಫೋನ್

ಕಳೆದ ತಿಂಗಳು ಬಿರುಗಾಳಿ ಬೀಸಿದ ರಾತ್ರಿ ಮೊಬೈಲ್ ಸಿಗ್ನಲ್ ಪೂರ್ತಿ ಸತ್ತುಹೋಗಿತ್ತು. ಮೂರನೇ ಮಹಡಿಯಲ್ಲಿ ಒಂಟಿಯಾಗಿರುವ ದೊಡ್ಡಮ್ಮ ಬೆಳಗಿನ ತನಕ ನಮಗೆ ಕರೆ ಮಾಡುತ್ತಲೇ ಇದ್ದರಂತೆ. ಅವರು ಮೆಟ್ಟಿಲು ಇಳಿಯಲಾರರು. ಕೆಳಗೆ ಮಲಗಿದ್ದ ನಮಗೆ ಗೊತ್ತೇ ಆಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಅದಕ್ಕೇ ಈ ಭಾನುವಾರ ಮೂರು ಫೋನ್‌ಗಳ ವೈಫೈ, ಡೇಟಾ ಎಲ್ಲ ಆರಿಸಿ, ಬ್ಲೂಟೂತ್ ಮಾತ್ರ ಉಳಿಸಿ, ಇಂಟರ್ನೆಟ್ ಇಲ್ಲದೆಯೂ ಸಂದೇಶ ಕಳಿಸಬಲ್ಲ ಬಿಟ್‌ಚಾಟ್ ಎಂಬ ಆ್ಯಪನ್ನು ಪರೀಕ್ಷಿಸಿದೆ. ನಾನು ನೆಲಮಹಡಿಯಲ್ಲಿ, ತಂಗಿ ದೊಡ್ಡಮ್ಮನ ಬಳಿ. ಬರೆದದ್ದು ತಲುಪಲಿಲ್ಲ, ಅಷ್ಟು ಕಾಂಕ್ರೀಟನ್ನು ಬ್ಲೂಟೂತ್ ದಾಟಲಿಲ್ಲ. ಮೂರನೆಯ ಫೋನ್ ಹಿಡಿದು ಅಮ್ಮ ಮೆಟ್ಟಿಲ ತಿರುವಿನಲ್ಲಿ ನಿಂತರು. ಮರುಕ್ಷಣ ತಂಗಿಯ ಉತ್ತರ ಬಂತು! ಅಮ್ಮ ಏನನ್ನೂ ಒತ್ತಿರಲಿಲ್ಲ, ಸುಮ್ಮನೆ ನಿಂತಿದ್ದರು.

ಮೆಶ್ ಜಾಲವೆಂದರೆ ಇದೇ. ಪ್ರತಿ ಫೋನೂ ತನಗೆ ಬಂದದ್ದನ್ನು ಮುಂದಿನ ಫೋನಿಗೆ ದಾಟಿಸುತ್ತದೆ. ಹೀಗೆ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುವುದು ಒಂದು ಜಿಗಿತ. ಬಿಟ್‌ಚಾಟ್‌ನಲ್ಲಿ ಸಂದೇಶಕ್ಕೆ ಹೆಚ್ಚೆಂದರೆ 7 ಜಿಗಿತ. ಕೈ ಬದಲಾದಂತೆಲ್ಲ ಎಣಿಕೆಯಲ್ಲಿ ಒಂದು ಕಳೆಯುತ್ತದೆ. ಒಮ್ಮೆ ಕಂಡ ಸಂದೇಶವನ್ನು ಫೋನ್ ನೆನಪಿಟ್ಟುಕೊಂಡು ಮತ್ತೆ ದಾಟಿಸುವುದಿಲ್ಲ. ಇಲ್ಲದಿದ್ದರೆ ಒಂದೇ ಮಾತು ಅದೇ ಫೋನ್‌ಗಳ ನಡುವೆ ಮತ್ತೆ ಮತ್ತೆ ಓಡಾಡುತ್ತಿತ್ತು. ಸಂದೇಶ ಫೋನಿನಿಂದ ಫೋನಿಗೆ ದಾಟುವುದರಿಂದ ಜನ ಒತ್ತಾಗಿರುವ ಕಡೆ ಇದಕ್ಕೆ ಬಲ ಹೆಚ್ಚು. 2014ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನಾಕಾರರು ಫೈರ್‌ಚಾಟ್ ಎಂಬ ಇಂಥದೇ ಆ್ಯಪ್ ಬಳಸಿದ್ದೂ ಇಂಥ ಗುಂಪಿನ ನಡುವೆಯೇ.

ಒಂದು ತೊಡಕು ನನ್ನನ್ನು ಬಹಳ ಹೊತ್ತು ಕಾಡಿತು. ಅಮ್ಮನ ಫೋನಿನ ಪರದೆ ಆರಿದ ಸ್ವಲ್ಪ ಹೊತ್ತಿಗೆ ಸರಪಳಿ ಕಡಿದುಹೋಗುತ್ತಿತ್ತು. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟ ಮೇಲೆಯೇ ಸರಿಹೋಯಿತು.

ಗೌಪ್ಯತೆಯನ್ನೂ ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ನಮ್ಮ ಮಾತು ಬೇರೆಯವರ ಫೋನ್ ಹಾದು ಹೋಗುತ್ತದೆ. ಬ್ರಿಡ್ಜ್‌ಫೈ ಎಂಬ ಇಂಥದೇ ಇನ್ನೊಂದು ಆ್ಯಪ್‌ನ ಸಂದೇಶಗಳನ್ನು ಹೊರಗಿನವರು ಓದಬಹುದು ಎಂದು 2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಸಂಶೋಧಕರು ತೋರಿಸಿದ್ದರು. ಆಮೇಲೆ ಅದು ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್‌ನ ಗೂಢಲಿಪಿ ವಿಧಾನವನ್ನು ಅಳವಡಿಸಿಕೊಂಡಿತು. ಬಿಟ್‌ಚಾಟ್‌ನಲ್ಲಿ ಖಾಸಗಿ ಸಂದೇಶಕ್ಕೆ ಗೂಢಲಿಪಿಯಿದೆ, ಆದರೆ ಸಾರ್ವಜನಿಕ ಚಾಟ್ ಕೋಣೆಯಲ್ಲಿ ಬರೆದದ್ದು ಹತ್ತಿರದ ಎಲ್ಲರಿಗೂ ಕಾಣುತ್ತದೆ. ದೊಡ್ಡಮ್ಮನಿಗೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿಕೊಟ್ಟಿದ್ದೇನೆ.

ಆದರೆ ಅಮ್ಮ ರಾತ್ರಿಯಿಡೀ ಮೆಟ್ಟಿಲ ಮೇಲೆ ನಿಲ್ಲಲಾಗದು. ಎರಡನೇ ಮಹಡಿಯವರ ಬಾಗಿಲು ಸರಿಯಾಗಿ ಆ ತಿರುವಿನ ಎದುರಿಗಿದೆ. ಅವರ ಫೋನಿಗೂ ಹಾಕಿಕೊಡುತ್ತೇನೆಂದು ಕೇಳಿದ್ದೇನೆ, ಸಂಜೆ ಬನ್ನಿ ಎಂದಿದ್ದಾರೆ.